ಕುದುರೆ ನಿಂತ ಜಾಗ

ಕೋಟೆಯೂರಿನಲ್ಲಿ ದಳವಾಯಿ ತೀರಿಕೊಂಡರೆ ಮೆರವಣಿಗೆಯನ್ನು ನಡೆಸುವುದು ಮಂತ್ರಿಯಲ್ಲ, ಮಕ್ಕಳಲ್ಲ, ಮಂತ್ರ ಹೇಳುವವರೂ ಅಲ್ಲ. ನಡೆಸುವುದು ಕುದುರೆ. ಸತ್ತವನು ಬದುಕಿದ್ದಾಗ ಏರುತ್ತಿದ್ದ ಕುದುರೆ.

ಆ ಊರಿನ ಕಟ್ಟಳೆ ಹೀಗಿತ್ತು. ಹೆಣಕ್ಕೆ ಬಾವುಟ ಹೊದಿಸಿ, ಅದರ ಮೇಲೆ ಕತ್ತಿಯನ್ನೂ ಅದರ ಒರೆಯನ್ನೂ ಅಡ್ಡಡ್ಡ ಇಟ್ಟು, ಫಿರಂಗಿ ಹೊರುವ ಗಾಡಿಯ ಮೇಲೆ ಮಲಗಿಸಬೇಕು. ಗಾಡಿಯನ್ನು ಎಳೆಯುವುದು ಎತ್ತುಗಳಲ್ಲ, ಸಿಪಾಯಿಗಳು. ಮುಂದೆ ನಗಾರಿ, ನಗಾರಿಗೆ ಕರಿ ಕಂಬಳಿ ಹೊದಿಕೆ, ಅದರ ದನಿ ನೆಲದೊಳಗಿಂದ ಬಂದಂತೆ ಕೇಳಬೇಕು. ಇಕ್ಕೆಲದಲ್ಲಿ ಕೋವಿ ಹಿಡಿದವರು. ಕೋವಿಯ ಬಾಯಿ ನೆಲದ ಕಡೆಗೆ. ಒಂದು ಹೆಜ್ಜೆ, ಒಂದು ತಡೆ. ಒಂದು ಹೆಜ್ಜೆ, ಒಂದು ತಡೆ. ಗಾಡಿಯ ಹಿಂದೆ ಕುದುರೆ. ಕುದುರೆಯ ಮೇಲೆ ಖಾಲಿ ಜೀನು. ಜೀನಿನಿಂದ ಇಳಿಬಿದ್ದ, ಸವಾರ ಕಾಲಿಡುವ ರಿಕಾಪುಗಳಲ್ಲಿ ಸತ್ತವನ ಬೂಟುಗಳು, ಹಿಮ್ಮುಖವಾಗಿ. ಯಾಕೆ ಹಿಮ್ಮುಖವೆಂದರೆ, ಸತ್ತವನು ಮುಂದೆ ಮುಂದೆ ಹೋಗುತ್ತಲೇ ಹಿಂದೆ ನೋಡುತ್ತಿರುತ್ತಾನೆ. ತನ್ನ ಜನವನ್ನು, ತನ್ನ ಬೀದಿಯನ್ನು, ಕೊನೆಯ ಸಲ.

ಅವನು ಯಾರನ್ನು ನೋಡುತ್ತಾನೋ ಅವರ ಮನೆ ಮುಂದೆ ಕುದುರೆ ನಿಲ್ಲುತ್ತದೆ. ಕುದುರೆ ನಿಂತರೆ ಗಾಡಿ ನಿಲ್ಲಬೇಕು, ನಗಾರಿ ನಿಲ್ಲಬೇಕು, ಊರಿಗೆ ಊರೇ ನಿಲ್ಲಬೇಕು. ಆ ಮನೆಯವರು ಹೊರಗೆ ಬಂದು ಖಾಲಿ ಜೀನಿನ ಕಡೆ ಮುಖವೆತ್ತಿ ಒಂದು ಮಾತು ಹೇಳಬೇಕು. ಒಳ್ಳೆಯ ಮಾತೇ ಆಗಬೇಕೆಂದಿಲ್ಲ. ನಿಜವಾದ ಮಾತಾಗಬೇಕು, ಅಷ್ಟೆ. ನಿಜ ಕಿವಿಗೆ ಬಿದ್ದ ಮೇಲೆ ಕುದುರೆ ಮುಂದೆ ಹೆಜ್ಜೆಯಿಡುತ್ತದೆ. ಅಲ್ಲಿಯವರೆಗೆ ಅದನ್ನು ಹೊಡೆಯುವಂತಿಲ್ಲ, ಎಳೆಯುವಂತಿಲ್ಲ, ಹುಲ್ಲು ತೋರಿಸಿ ಕರೆಯುವಂತಿಲ್ಲ.

ಹೊತ್ತು ಮುಳುಗುವುದರೊಳಗೆ ಹೆಣ ಮಣ್ಣಿಗೆ ಸೇರಬೇಕು. ದಾರಿಯಲ್ಲೇ ಹೊತ್ತು ಮುಳುಗಿತೋ, ಬಾವುಟ ತೆಗೆದು ಮಡಿಸಿ, ಗಾಡಿಯನ್ನು ಇದ್ದಲ್ಲೇ ಬಿಟ್ಟು, ಹಿಂದೆ ತಿರುಗಿ ನೋಡದೆ ಎಲ್ಲರೂ ಮನೆಗೆ ಹೋಗಬೇಕು. ಆಮೇಲೆ ಅವನು ಯಾರ ದಳವಾಯಿಯೂ ಅಲ್ಲ, ಯಾರ ಗಂಡನೂ ಅಲ್ಲ. ಹಾಗಾದದ್ದನ್ನು ಊರಿನಲ್ಲಿ ಕಂಡವರು ಯಾರೂ ಇರಲಿಲ್ಲ. ಆದರೂ ಎಲ್ಲರಿಗೂ ಅದರ ಭಯವಿತ್ತು.

ಕುದುರೆಯ ಲಗಾಮು ಹಿಡಿಯುವ ಕೆಲಸ ಲಾಯದವರದು. ಈ ಸಲ ಲಗಾಮು ಹಿಡಿದವಳು ಲಾಯದವಳು. ಹಿಂದಿನ ದಳವಾಯಿ ಸತ್ತಾಗ ಅವಳ ಅಪ್ಪ ಹಿಡಿದಿದ್ದ. ಮಗಳಿಗೆ ಅವನು ಕಲಿಸಿದ್ದು ಎರಡೇ ಪಾಠ.

"ಲಗಾಮು ಹಸುವಿನ ಕತ್ತಿನ ಗಂಗೆದೊಗಲಿನಂಗೆ ಜೋತಾಡ್ತಿರ್ಬೇಕು ಕಣಮ್ಮ. ಬಿಗಿ ಮಾಡಿದ್ರೆ ದಾರಿ ನಿಂದಾಗುತ್ತೆ, ಸತ್ತೋನದಾಗಲ್ಲ," ಎಂದಿದ್ದ ಅಪ್ಪ. "ಇನ್ನೊಂದು. ಲಗಾಮು ಕೈಲಿರೋವರ್ಗೂ ನಿನ್ಗೆ ಬಾಯಿಲ್ಲ. ಬೀದಿ ಮಾತಾಡ್ಬೋದು, ಮನೆ ಮಾತಾಡ್ಬೋದು, ನೀನು ಮಾತಾಡಂಗಿಲ್ಲ. ದಾರೀಲಿ ಲಗಾಮು ಬಿಟ್ರೂ, ಒಂದು ಮಾತಾಡಿದ್ರೂ ಲಾಯ ನಿಂದಲ್ಲ. ಅವತ್ತಿಂದ ಅದ್ರ ಹೊಸ್ತಿಲು ತುಳಿಯಂಗಿಲ್ಲ."

ಲಾಯದವಳಿಗೆ ಲಾಯವೆಂದರೆ ಬರೀ ಕೆಲಸವಲ್ಲ. ಅವಳು ಹುಟ್ಟಿದ್ದು ಹುಲ್ಲಿನ ಅಟ್ಟದ ಕೆಳಗೆ. ಕುದುರೆಗಳ ಉಸಿರು ಕೇಳದ ಮನೆಯಲ್ಲಿ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮದುವೆಯಾಗಿ ಹೋದ ಮನೆಯಿಂದ ಒಂದು ತಿಂಗಳಿಗೇ ವಾಪಸು ಬಂದವಳು, ಮತ್ತೆ ಹೋಗಿರಲಿಲ್ಲ.

ದಳವಾಯಿ ಸತ್ತ ಮರುದಿನ ಬೆಳಿಗ್ಗೆ ಅವಳು ಅವನ ಕೆಂಚು ಕುದುರೆಯ ಮೈ ತಿಕ್ಕಿ, ಜೀನು ಬಿಗಿದಳು. ದಳವಾಯಿಯ ಹೆಂಡತಿ ತಾನೇ ಬೂಟು ಹಿಡಿದುಕೊಂಡು ಬಂದಳು. ಎತ್ತರದ ಹೆಂಗಸು, ಮುಪ್ಪಿನಲ್ಲೂ ಬಾಗದವಳು. ಬೂಟುಗಳನ್ನು ರಿಕಾಪಿಗೆ ಸೇರಿಸುವಾಗ ಮೊದಲು ಮುಂದಕ್ಕೆ ಮುಖ ಮಾಡಿ ಇಟ್ಟಳು. ಆಮೇಲೆ ನೆನಪಾಗಿ, ತುಟಿ ಕಚ್ಚಿಕೊಂಡು, ಹಿಂದಕ್ಕೆ ತಿರುಗಿಸಿದಳು.

ಹೊತ್ತು ನೆತ್ತಿಗೇರುವ ಮೊದಲೇ ಮೆರವಣಿಗೆ ಹೊರಟಿತು.

ಸಾವಿನ ಮೆರವಣಿಗೆಯಲ್ಲಿ ಅಂತಸ್ತು ತಲೆಕೆಳಗಾಗುತ್ತಿತ್ತು. ಕುದುರೆಯ ಬೆನ್ನಿಗೇ ಬರುವವರು ಸಗಣಿ ಬಾಚುವವರು, ನೀರು ಹೊರುವವರು. ಅವರ ಹಿಂದೆ ಕಮ್ಮಾರರು, ಕುಂಬಾರರು, ನೇಕಾರರು. ಅವರ ಹಿಂದೆ ಸಾಹುಕಾರರು. ದೊಡ್ಡವರು ದೊಡ್ಡವರಾದಷ್ಟೂ ಹಿಂದೆ. ಎಲ್ಲರಿಗಿಂತ ಹಿಂದೆ, ಎಲ್ಲರ ಧೂಳು ಕುಡಿಯುತ್ತ, ಮಂತ್ರಿ. ದಳವಾಯಿಯ ಹೆಂಡತಿಯೊಬ್ಬಳಿಗೆ ಮಾತ್ರ ಅಂತಸ್ತಿರಲಿಲ್ಲ. ಅವಳು ಗಾಡಿಯ ಗಾಲಿಯ ಪಕ್ಕದಲ್ಲಿ ಬರಿಗಾಲಲ್ಲಿ ನಡೆದಳು.

ಗಾಡಿ ಎಳೆಯುವವರು ಹಿಂದೆ ನೋಡುವಂತಿರಲಿಲ್ಲ. ಅವರು ಗೊರಸಿನ ಸದ್ದನ್ನೇ ಆಲಿಸುತ್ತಿದ್ದರು. ಸದ್ದು ನಿಂತರೆ ನಿಲ್ಲುತ್ತಿದ್ದರು.

ಮೊದಲು ಸದ್ದು ನಿಂತದ್ದು ನೇಕಾರರ ಕೇರಿಯಲ್ಲಿ, ಒಬ್ಬ ಮುದುಕಿಯ ಮನೆ ಮುಂದೆ. ಮುದುಕಿ ಗೋಡೆ ಹಿಡಿದುಕೊಂಡು ಬಂದು ಖಾಲಿ ಜೀನಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು.

"ಬೆಂಕಿ ಬಿದ್ದಾಗ ನೀನು ನನ್ನ ಮಗ್ಗ ಹೊತ್ತು ಹೊರಕ್ಕೆ ತಂದೆ. ಬೆನ್ನು ಸುಟ್ಕೊಂಡೆ. ಆವತ್ತು ನಿನ್ಗೆ ಮಜ್ಜಿಗೆ ಕೊಡೋದು ಮರ್ತೋದೆ ಕಣಪ್ಪ," ಎಂದಳು.

ಕುದುರೆ ಮುಂದೆ ಹೆಜ್ಜೆಯಿಟ್ಟಿತು.

ಎರಡನೇ ಸಲ ನಿಂತದ್ದು ಕ್ಷೌರಿಕನ ಅಂಗಡಿ ಮುಂದೆ. ಅವನು ಕೈಕಟ್ಟಿ ನಿಂತು, ಸುತ್ತಲ ಜನವನ್ನೊಮ್ಮೆ ನೋಡಿ, ಒಮ್ಮೆಲೇ ಹೇಳಿಬಿಟ್ಟ. "ಕೆನ್ನೆ ಕುಯ್ತು ಅಂತ ಎಲ್ರೆದುರಿಗೆ ನೀನು ನನ್ನನ್ನ ಒದ್ದೆ. ನನ್ನ ಹೆಂಡ್ತಿನೂ ನೋಡಿದ್ಲು. ಅದನ್ನ ನಾನು ಮರ್ತಿಲ್ಲ." ಜನ ಉಸಿರು ಬಿಗಿಹಿಡಿದರು. ಕುದುರೆ ಕಿವಿಯಾಡಿಸಿ ಮುಂದೆ ನಡೆಯಿತು. ಕ್ಷೌರಿಕ ಅಲ್ಲೇ ಕುಸಿದು ಕೂತು ಮಗುವಿನಂತೆ ಅತ್ತ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ಮೂರನೇ ಸಲ ನಿಂತದ್ದು ಹೊಗಳುಭಟನ ಮನೆ ಮುಂದೆ. ಅವನು ಮಡಿ ಪಂಚೆಯುಟ್ಟು ತಯಾರಾಗಿಯೇ ನಿಂತಿದ್ದ. ದಳವಾಯಿ ಸೂರ್ಯನಿದ್ದಂತೆ ಎಂದ, ಕುದುರೆ ಅಲುಗಲಿಲ್ಲ. ಸಮುದ್ರವಿದ್ದಂತೆ ಎಂದ, ಕುದುರೆ ಬಾಲ ಬೀಸಿ ನೊಣ ಓಡಿಸಿತು. ಬೆಟ್ಟ, ಸಿಂಹ, ಆಲದಮರ, ಎಲ್ಲವೂ ಬಂದು ಹೋದವು. ಅವನ ಗಂಟಲು ಒಣಗಿತು. ಸಗಣಿ ಬಾಚುವವಳೊಬ್ಬಳು, "ಲೋ, ನಿಜ ಹೇಳೋ, ಬಿಸ್ಲು," ಎಂದಳು.

ಹೊಗಳುಭಟ ತಲೆ ತಗ್ಗಿಸಿದ. "ನಿಮ್ಮನ್ನ ಕಂಡ್ರೆ ನನ್ಗೆ ಹೆದ್ರಿಕೆ ಇತ್ತು ಸ್ವಾಮಿ. ಅಷ್ಟೇಯ."

ಗೊರಸಿನ ಸದ್ದು ಮತ್ತೆ ಕೇಳಿತು.

ಹೀಗೆ ಹನ್ನೊಂದು ಮನೆ. ಹನ್ನೊಂದು ಮಾತು. ಲಾಯದವಳು ಒಂದೊಂದನ್ನೂ ಕೇಳಿದಳು, ಒಂದಕ್ಕೂ ತುಟಿ ಬಿಚ್ಚಲಿಲ್ಲ. ಲಗಾಮು ಅವಳ ಕೈಯಲ್ಲಿ ಅಪ್ಪ ಹೇಳಿದ ಹಾಗೆಯೇ ಜೋತಾಡುತ್ತಿತ್ತು. ಊರಿನ ಕೊನೆಯ ಮನೆಯೂ ದಾಟಿತು. ಇನ್ನು ಉಳಿದದ್ದು ಬಯಲು, ಬಯಲಿನ ನಡುವೆ ಗೆಲುವಿನ ಕಮಾನು, ಕಮಾನಿನಾಚೆ ದಿಬ್ಬದ ಮೇಲೆ ತೋಡಿಟ್ಟ ಗುಂಡಿ. ಹೊತ್ತು ಇನ್ನೂ ಎರಡಾಳೆತ್ತರ ಇತ್ತು. ಜನ ನಿರಾಳವಾಗಿ ಉಸಿರಾಡಿದರು. ಅಲ್ಲಿ ಇನ್ನು ಯಾರ ಮನೆಯೂ ಇರಲಿಲ್ಲ.

ಕಮಾನಿಗೆ ನಲವತ್ತು ಹೆಜ್ಜೆಯಷ್ಟು ಈಚೆ ಕುದುರೆ ನಿಂತಿತು.

ಗಾಡಿ ನಿಂತಿತು. ನಗಾರಿ ನಿಂತಿತು. ಜನ ಅತ್ತಿತ್ತ ನೋಡಿದರು. ಎಡಕ್ಕೆ ಕುರುಚಲು, ಬಲಕ್ಕೆ ಕುರುಚಲು. ಬಾಗಿಲಿಲ್ಲ, ಹೊಸ್ತಿಲಿಲ್ಲ, ಹೊರಗೆ ಬಂದು ಮಾತಾಡುವವರಿಲ್ಲ.

ಆ ಕಮಾನು ಕಟ್ಟಿಸಿದ್ದು ಹನ್ನೆರಡು ವರ್ಷದ ಹಿಂದೆ. ಹೊಳೆಯಾಚೆಯ ದಂಡು ಊರಿನ ಮೇಲೆ ಬಂದಾಗ ದಳವಾಯಿ ದೋಣಿಗಳನ್ನು ಸಾಲಾಗಿ ಕಟ್ಟಿ ಸೇತುವೆ ಮಾಡಿ, ಆಚೆ ದಡಕ್ಕೆ ಹೋಗಿ ಕಾದಾಡಿದ. ಸೋತು ಹಿಂದೆ ಬರುವಾಗ ವೈರಿಗಳು ಬೆನ್ನು ಹತ್ತಿದರು. ಈಚೆ ದಡ ಮುಟ್ಟಿದ ಕೂಡಲೇ ದಳವಾಯಿ ಸೇತುವೆಯ ಹಗ್ಗ ಕಡಿಸಿದ. ದೋಣಿಗಳು ಪ್ರವಾಹದಲ್ಲಿ ಚೆಲ್ಲಾಪಿಲ್ಲಿಯಾದವು. ವೈರಿಗಳು ಆಚೆಯೇ ಉಳಿದರು. ಊರು ಉಳಿಯಿತು. ಅದನ್ನೇ ಗೆಲುವೆಂದು ಊರಿನವರು ಕಮಾನು ಕಟ್ಟಿದರು.

ಆದರೆ ಹಗ್ಗ ಕಡಿದಾಗ ಆಚೆ ದಡದಲ್ಲಿ ದಳವಾಯಿಯ ಕಡೆಯವರೇ ಮೂವತ್ತೇಳು ಮಂದಿ ಇನ್ನೂ ಇದ್ದರು. ಎಲ್ಲರಿಗಿಂತ ಹಿಂದೆ ನಿಂತು, ಉಳಿದವರು ದಾಟಲೆಂದು ಕಾದಾಡುತ್ತಿದ್ದವರು. ಅವರ ದೇಹ ಬರಲಿಲ್ಲ. ದೇಹ ಬಾರದವರಿಗೆ ಮೆರವಣಿಗೆಯಿಲ್ಲ. ಮೆರವಣಿಗೆಯಾಗದವರ ಹೆಸರನ್ನು ಬೀದಿಯಲ್ಲಿ ಎತ್ತುವಂತಿಲ್ಲ. ಎತ್ತಿದರೆ ಅವರು ಹಾದಿ ತಪ್ಪಿ ಊರೊಳಗೆ ಅಲೆಯುತ್ತಾರೆಂದು ಕಟ್ಟಳೆ. ಹಾಗಾಗಿ ಹನ್ನೆರಡು ವರ್ಷ ಆ ಮೂವತ್ತೇಳು ಹೆಸರು ಬೀದಿಯಲ್ಲಿ ಯಾರ ಬಾಯಿಂದಲೂ ಹೊರಗೆ ಬಂದಿರಲಿಲ್ಲ.

ಅವರಲ್ಲೊಬ್ಬ ಲಾಯದವಳ ತಮ್ಮ.

ಹಿಂದಿನ ಸಾಲಿನಿಂದ ಮಂತ್ರಿ ಜನರನ್ನು ಸರಿಸುತ್ತ ಮುಂದೆ ಬಂದ. ಅವನು ಹಾಗೆ ಬರುವುದೇ ತಪ್ಪು. ಆದರೆ ಹೊತ್ತು ಇಳಿಯುತ್ತಿತ್ತು.

"ಯಾಕೆ ನಿಂತಿದೆ?" ಎಂದ.

ಲಾಯದವಳು ಸುಮ್ಮನಿದ್ದಳು. ಅವಳಿಗೆ ಬಾಯಿರಲಿಲ್ಲ.

"ಇಲ್ಲಿ ಯಾರ ಮನೆಯೂ ಇಲ್ಲ. ಕುದುರೆಗೆ ಸುಸ್ತಾಗಿದೆ. ಲಗಾಮು ಎಳಿ."

ಅವಳು ಎಳೆಯಲಿಲ್ಲ. ಮಂತ್ರಿ ತಾನೇ ಲಗಾಮಿಗೆ ಕೈ ಹಾಕಿದ. ಆಗ ದಳವಾಯಿಯ ಹೆಂಡತಿ ಗಾಲಿಯ ಪಕ್ಕದಿಂದ ತಿರುಗಿದಳು.

"ಕೈ ತೆಗೀರಿ," ಎಂದಳು. "ಅವರು ಏನನ್ನೋ ನೋಡ್ತಾ ಇದಾರೆ. ನೋಡ್ಲಿ."

"ಅಮ್ಮಾ, ಹೊತ್ತು ಮುಳುಗಿದರೆ ಅವರನ್ನ ಇಲ್ಲೇ ಬಿಟ್ಟು ಹೋಗಬೇಕಾಗುತ್ತೆ."

"ಗೊತ್ತು."

ಅವಳು ಕುದುರೆಯ ಬಳಿಗೆ ಬಂದು ಖಾಲಿ ಜೀನಿನ ಕಡೆ ಮುಖವೆತ್ತಿದಳು. ಅವಳ ದನಿ ಸಣ್ಣದಾಗಿತ್ತು, ಆದರೆ ಬಯಲಿನಲ್ಲಿ ಎಲ್ಲರಿಗೂ ಕೇಳಿತು. "ಈ ಕಮಾನಿನ ಕೆಳಗೆ ನೀವು ಒಂದು ದಿನಾನೂ ಹೋಗ್ಲಿಲ್ಲ. ದಿಬ್ಬ ಸುತ್ಕೊಂಡು ಹೋಗ್ತಿದ್ರಿ. ಯಾಕೆ ಅಂತ ನಾನು ಕೇಳ್ಲಿಲ್ಲ. ಕೇಳಬೇಕಿತ್ತು."

ನಿಜವೇ. ಆದರೆ ಕುದುರೆ ಕದಲಲಿಲ್ಲ.

ಲಾಯದವಳು ಹೊತ್ತನ್ನು ನೋಡಿದಳು. ಅದು ದೂರದ ಗುಡ್ಡದ ಅಂಚಿಗೆ ಬಂದಿತ್ತು. ಅವಳಿಗೆ ಒಂದು ವಿಷಯ ಸ್ಪಷ್ಟವಾಗಿ ಹೊಳೆಯಿತು. ತಾನು ಏನೂ ಮಾಡಬೇಕಾಗಿಲ್ಲ. ಕಟ್ಟಳೆ ಹೇಳಿದಂತೆ ಬಾಯಿ ಮುಚ್ಚಿಕೊಂಡು ನಿಂತರೆ ಸಾಕು. ಹೊತ್ತು ಮುಳುಗುತ್ತದೆ. ಬಾವುಟ ತೆಗೆಯುತ್ತಾರೆ. ಊರಿಗೆ ಊರೇ ಬೆನ್ನು ತಿರುಗಿಸಿ ಹೋಗುತ್ತದೆ. ಅವಳ ತಮ್ಮನನ್ನು ಹೇಗೆ ಆಚೆ ದಡದಲ್ಲಿ ಬಿಟ್ಟು ಬಂದರೋ ಹಾಗೆಯೇ ದಳವಾಯಿಯನ್ನೂ ಬಯಲಿನಲ್ಲಿ ಬಿಟ್ಟು ಹೋಗುತ್ತಾರೆ. ಯಾರೂ ಅವಳತ್ತ ಬೆರಳು ತೋರಿಸುವುದಿಲ್ಲ. ಲಾಯವೂ ಅವಳದಾಗಿಯೇ ಉಳಿಯುತ್ತದೆ.

ಅವಳ ಎದೆಯಲ್ಲಿ ಆ ಯೋಚನೆ ತಣ್ಣಗೆ ಕೂತಿತು. ಸ್ವಲ್ಪ ಹೊತ್ತು ಅದು ಹಿತವಾಗಿಯೂ ಇತ್ತು.

ಆಮೇಲೆ ಅವಳಿಗೆ ಅಮಾವಾಸ್ಯೆಯ ಸಂಜೆಗಳು ನೆನಪಾದವು. ಪ್ರತಿ ಅಮಾವಾಸ್ಯೆಯ ಸಂಜೆ ದಳವಾಯಿ ಒಬ್ಬನೇ ಲಾಯಕ್ಕೆ ಬರುತ್ತಿದ್ದ. ಅವಳ ಕೈಯಿಂದ ಬ್ರಷ್ಷು ಇಸಕೊಂಡು ಕೆಂಚು ಕುದುರೆಯ ಮೈ ತಾನೇ ತಿಕ್ಕುತ್ತಿದ್ದ. ಆಮೇಲೆ ಅದರ ಕಿವಿಗೆ ಬಾಯಿ ಹಚ್ಚಿ ಏನೋ ಪಿಸುಗುಡುತ್ತಿದ್ದ. ಬಹಳ ಹೊತ್ತು. ಏನೆಂದು ಅವಳಿಗೆ ಕೇಳುತ್ತಿರಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಅವಳ ಮುಖ ನೋಡುತ್ತಿದ್ದ, ಏನೋ ಹೇಳಲು ಬಂದವನ ಹಾಗೆ. ಹೇಳದೆ ಹೋಗುತ್ತಿದ್ದ. ಅವಳೂ ಏನೂ ಕೇಳುತ್ತಿರಲಿಲ್ಲ. ಹನ್ನೆರಡು ವರ್ಷ ಇಬ್ಬರೂ ಒಂದೇ ಬಾಗಿಲಲ್ಲಿ ಹಾಗೆ ಎದುರುಬದುರು ನಿಂತಿದ್ದರು.

ಈಗ ಕುದುರೆ ಕತ್ತು ತಿರುಗಿಸಿ ಅವಳನ್ನೇ ನೋಡುತ್ತಿತ್ತು.

ಇಲ್ಲಿ ಯಾರ ಮನೆಯೂ ಇಲ್ಲವೆಂದಿದ್ದ ಮಂತ್ರಿ. ಆದರೆ ಮನೆ ಮಠ ಬಿಟ್ಟು ಬಂದವಳು ಒಬ್ಬಳು ಅಲ್ಲೇ, ಕುದುರೆಯ ಮೂಗಿನ ಮುಂದೆಯೇ ನಿಂತಿದ್ದಳು. ದಳವಾಯಿ ನೋಡುತ್ತಿದ್ದದ್ದು ತನ್ನನ್ನು ಎಂದು ಅವಳಿಗೆ ತಿಳಿಯಿತು.

ಲಾಯದವಳು ಲಗಾಮಿನ ತುದಿಯನ್ನು ಎತ್ತಿ ಕುದುರೆಯ ಕತ್ತಿನ ಮೇಲಿಟ್ಟಳು. ಕೈ ಬಿಟ್ಟಳು. ಜನ ಹೋ ಎಂದರು. ಅವಳು ಖಾಲಿ ಜೀನಿನ ಕಡೆ ಮುಖವೆತ್ತಿದಳು.

"ಚಿತ್ತಯ್ಯ," ಎಂದಳು.

ಹನ್ನೆರಡು ವರ್ಷ ಒಳಗೇ ಇದ್ದ ಹೆಸರು ಹೊರಗಿನ ಗಾಳಿಗೆ ಬಂದಾಗ ಅವಳ ಕಿವಿಗೇ ಹೊಸದಾಗಿ ಕೇಳಿತು.

ಕೆಂಚು ಕುದುರೆಯ ಎರಡೂ ಕಿವಿ ನಿಮಿರಿದವು. ಅದು ಒಂದು ಹೆಜ್ಜೆ ಮುಂದಿಟ್ಟಿತು.

ಒಂದೇ ಹೆಜ್ಜೆ. ಮತ್ತೆ ನಿಂತಿತು.

ಆಗ ಲಾಯದವಳಿಗೆ ಅರ್ಥವಾಯಿತು, ಅಮಾವಾಸ್ಯೆಯ ಸಂಜೆಗಳಲ್ಲಿ ದಳವಾಯಿ ಅದರ ಕಿವಿಯಲ್ಲಿ ಏನು ಹೇಳುತ್ತಿದ್ದನೆಂದು. ಬೀದಿಯಲ್ಲಿ ಎತ್ತಲಾರದ ಹೆಸರುಗಳನ್ನು ಅವನು ಲಾಯದಲ್ಲಿ ಎತ್ತಿದ್ದ. ಕುದುರೆಗೆ ಅವೆಲ್ಲ ಬಾಯಿಪಾಠವಾಗಿದ್ದವು. ಅವಳು ಕುದುರೆಯ ಜೂಲು ಹಿಡಿದುಕೊಂಡು ನಿಂತಳು.

"ದೇಹ ಬಾರದವನ ಹೆಸರು!" ಎಂದ ಮಂತ್ರಿ. ಅವನ ಮುಖ ಬಿಳಿಚಿಕೊಂಡಿತ್ತು. "ಬೀದಿಯಲ್ಲಿ! ನೀನು ಏನು ಮಾಡಿದೆ ಅಂತ ಗೊತ್ತಾ? ಇವತ್ತಿಂದ ಲಾಯ ನಿನ್ನದಲ್ಲ."

"ಗೊತ್ತು ಸ್ವಾಮಿ," ಎಂದಳು ಲಾಯದವಳು. "ಆದ್ರೆ ಒಂದು ಹೆಜ್ಜೆ ಹೋಯ್ತಲ್ಲ."

ಸಾಲಿನ ನಡುವಿನಿಂದ ಕುಂಬಾರಗಿತ್ತಿ ಮುಂದೆ ಬಂದಳು. ಅವಳ ಕೈಯಲ್ಲಿ ಇನ್ನೂ ಒಣ ಮಣ್ಣು ಅಂಟಿತ್ತು. ಅವಳು ಜೀನಿನ ಕಡೆ ನೋಡಲಿಲ್ಲ, ನೆಲ ನೋಡುತ್ತ ಹೇಳಿದಳು.

"ನನ್ನ ಗಂಡ. ಗುಡ್ಡಯ್ಯ."

ಕುದುರೆ ಒಂದು ಹೆಜ್ಜೆಯಿಟ್ಟಿತು. ಮುಂದೆ ಗಾಡಿಯ ಗಾಲಿ ಒಮ್ಮೆ ಕಿರುಗುಟ್ಟಿತು.

"ಜಂಪಣ್ಣ," ಎಂದ ನೀರು ಹೊರುವವನು. "ನಮ್ಮಪ್ಪ."

ಒಂದು ಹೆಜ್ಜೆ.

"ಕಾಟಯ್ಯ. ಅವ್ನ ತಮ್ಮ ಸಣ್ಣಕಾಟಯ್ಯ. ಇಬ್ರೂ ನನ್ನವೇ," ಎಂದಳು ಒಬ್ಬ ಮುದುಕಿ, ಎರಡು ಬೆರಳೆತ್ತಿ.

ಎರಡು ಹೆಜ್ಜೆ.

ನಗಾರಿಯವನು ಹಿಂದೆ ನೋಡದೆ ಒಂದೊಂದು ಹೆಸರಿಗೆ ಒಂದೊಂದು ಪೆಟ್ಟು ಹಾಕತೊಡಗಿದ. ಕಂಬಳಿಯ ಕೆಳಗಿಂದ ಆ ಸದ್ದು ಬಯಲಿಗೆಲ್ಲ ಹಬ್ಬಿತು. ಹುಸೇನಿ. ಒಂದು ಪೆಟ್ಟು, ಒಂದು ಹೆಜ್ಜೆ. ಬೋರಯ್ಯ. ಒಂದು ಪೆಟ್ಟು, ಒಂದು ಹೆಜ್ಜೆ. ಓಬಳಿ, ಗಾದ್ರಪ್ಪ, ಮಲ್ಹಾರಿ, ತಿಪ್ಪೇಶಿ. ಹೆಸರು ಹೇಳಿದವರು ತಾವು ನಿಂತಿದ್ದ ಸಾಲು ಬಿಟ್ಟು ಕುದುರೆಯ ಹತ್ತಿರ ಬರುತ್ತಿದ್ದರು. ಸಾಹುಕಾರನೊಬ್ಬ ಹಿಂದಿನಿಂದ ಓಡಿ ಬಂದು, ಏದುಸಿರು ಬಿಡುತ್ತ ತನ್ನ ಅಣ್ಣನ ಹೆಸರು ಹೇಳಿ, ಸಗಣಿ ಬಾಚುವವಳ ಪಕ್ಕದಲ್ಲಿ ನಿಂತ. ಕೋವಿ ಹಿಡಿದ ಸಿಪಾಯಿಯೊಬ್ಬ ಸಾಲಿನಲ್ಲಿದ್ದುಕೊಂಡೇ, ಕೋವಿಯ ಬುಡಕ್ಕೆ ಹಣೆಯಿಟ್ಟು ಒಂದು ಹೆಸರು ಹೇಳಿದ. ಹೇಳಿದವರ ಮುಖ ನೋಡಿದರೆ ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಊರಿನ ಯಾವ ಸಾವಿನಲ್ಲೂ, ಯಾವ ಮದುವೆಯಲ್ಲೂ ಯಾರೂ ಅಂಥ ಮುಖಗಳನ್ನು ಕಂಡಿರಲಿಲ್ಲ.

ಕುದುರೆ ಕಮಾನಿನ ಕೆಳಗೆ ಬಂತು. ಅಲ್ಲಿ ನಿಂತಿತು.

ಲಾಯದವಳು ಒಂದೊಂದು ಹೆಜ್ಜೆಯನ್ನೂ ಮನಸ್ಸಿನಲ್ಲಿ ಎಣಿಸಿದ್ದಳು. ಮೂವತ್ತಾರು.

"ಇನ್ನೊಬ್ರು ಇದಾರೆ," ಎಂದಳು.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲ ಮನೆಯವರೂ ಹೇಳಿ ಆಗಿತ್ತು. ಹೇಳದ ಮನೆಯೇ ಉಳಿದಿರಲಿಲ್ಲ. ಗುಡ್ಡದ ಅಂಚಿನಲ್ಲಿ ಹೊತ್ತು ಅರ್ಧ ಇಳಿದಿತ್ತು. ಕೆಂಪು ಬೆಳಕು ಕಮಾನಿನೊಳಗಿಂದ ಹಾದು ಖಾಲಿ ಜೀನಿನ ಮೇಲೆ ಬಿದ್ದಿತ್ತು.

"ಹೊರಗಿಂದ ಬಂದು ದಂಡಿಗೆ ಸೇರ್ಕೊಂಡೋನು ಒಬ್ಬ ಇದ್ದ," ಎಂದಳು ಕುಂಬಾರಗಿತ್ತಿ. "ಪರಸ್ಥಳದೋನು. ಕುದುರೆಗೆ ಲಾಳ ಹೊಡೀತಿದ್ದ ಅಂತ ನನ್ನ ಗಂಡ ಹೇಳ್ತಿದ್ದ. ಇಲ್ಲಿ ಅವ್ನಿಗೆ ಯಾರೂ ಇರ್ಲಿಲ್ಲ. ಹೆಸ್ರು ಯಾರಿಗೆ ಗೊತ್ತು?"

ಯಾರಿಗೂ ಗೊತ್ತಿರಲಿಲ್ಲ. ಲಾಯದವಳು ತನ್ನ ಲಾಯದಲ್ಲಿ ದುಡಿದವನೇ ಇರಬೇಕೆಂದು ನೆನಪಿನಲ್ಲಿ ತಡಕಾಡಿದಳು. ದಪ್ಪ ಮಣಿಕಟ್ಟು, ಬಾಯಿ ತುಂಬ ಮೊಳೆ ಕಚ್ಚಿಕೊಂಡೇ ನಗುವ ಅಭ್ಯಾಸ. ಅಷ್ಟೇ ಬಂತು. ಅವನನ್ನು ಎಲ್ಲರೂ ಲಾಳದವನು ಎಂದೇ ಕರೆದಿದ್ದರು. ಕುದುರೆ ಸಹನೆಯಿಂದ ನಿಂತಿತ್ತು. ಹೊತ್ತು ಇನ್ನಷ್ಟು ಇಳಿಯಿತು. ಯಾರೋ ಒಬ್ಬರು ಬಾವುಟದ ಕಡೆ ನೋಡಿ ಮುಖ ಮುಚ್ಚಿಕೊಂಡರು.

"ನನಗೆ ಗೊತ್ತು," ಎಂದ ಮಂತ್ರಿ.

ಎಲ್ಲರೂ ತಿರುಗಿದರು. ಮಂತ್ರಿ ತಲೆಯ ಪೇಟ ತೆಗೆದಿದ್ದ. ಪೇಟವಿಲ್ಲದೆ ಅವನು ಬರೀ ಒಬ್ಬ ಮುದುಕನಾಗಿದ್ದ.

"ಹಗ್ಗ ಕಡಿದವನು ನಾನು," ಎಂದ. "ಅವರು ಕಡಿ ಅಂದ್ರು, ನಾನು ಕಡಿದೆ. ಆಗ ನನ್ನ ಕೈಯಲ್ಲಿ ಕೊಡಲಿ ಇತ್ತು, ಇನ್ನೂ ಪೇಟ ಇರಲಿಲ್ಲ. ಕಡೀವಾಗ ಆಚೆಯಿಂದ ಒಬ್ಬ ಕೂಗಿದ. ಬೈತಾನೆ ಅಂದ್ಕೊಂಡೆ. ಬೈಲಿಲ್ಲ. ತನ್ನ ಹೆಸರು ಹೇಳಿದ. ಎರಡು ಸಲ ಹೇಳಿದ. 'ಇಲ್ಲಿ ನನ್ನ ಗುರ್ತು ಯಾರಿಗೂ ಇಲ್ಲ, ನೀನಾದ್ರೂ ನೆನಪಿಟ್ಕೋ' ಅಂತ ಕೂಗಿದ." ಮಂತ್ರಿ ಪೇಟವನ್ನು ನೆಲದ ಮೇಲಿಟ್ಟ. "ಆ ಹೆಸರನ್ನ ನಾನು ದಳವಾಯಿಗಳಿಗೆ ಹೇಳ್ದೆ. ಆಮೇಲೆ ಯಾರಿಗೂ ಹೇಳ್ಲಿಲ್ಲ. ಮರೀಬೇಕು ಅಂತ ಎಷ್ಟು ಪ್ರಯತ್ನಪಟ್ಟೆ. ಆಗ್ಲಿಲ್ಲ."

"ಹೇಳಿ ಸ್ವಾಮಿ," ಎಂದಳು ಲಾಯದವಳು ಮೆಲ್ಲಗೆ.

ಮಂತ್ರಿ ಖಾಲಿ ಜೀನಿನ ಕಡೆ ಮುಖವೆತ್ತಿದ. ಆಮೇಲೆ ಅಲ್ಲಿಂದ ಕಣ್ಣು ತೆಗೆದು, ಬಯಲಿನಾಚೆ ಹೊಳೆಯಿರುವ ದಿಕ್ಕಿಗೆ ತಿರುಗಿ, ಎರಡೂ ಅಂಗೈ ಬಾಯಿಗೆ ಹಿಡಿದು, ಆಚೆ ದಡದವನಿಗೆ ಕೇಳುವ ಹಾಗೆ ಕೂಗಿದ.

"ದಾವಲಾ!"

ನಗಾರಿಯ ಪೆಟ್ಟು ಬಿತ್ತು. ಕುದುರೆ ಹೆಜ್ಜೆಯಿಟ್ಟಿತು. ಈ ಸಲ ನಿಲ್ಲಲಿಲ್ಲ. ಲಗಾಮು ಹಿಡಿದವರು ಯಾರೂ ಇರಲಿಲ್ಲ. ಅದು ತಾನಾಗಿ ದಿಬ್ಬವೇರಿತು. ಮುಂದೆ ಗಾಡಿಯೆಳೆಯುವವರು ಗೊರಸಿನ ಸದ್ದು ಕೇಳುತ್ತ ಕೇಳುತ್ತ ವೇಗ ಹೆಚ್ಚಿಸಿದರು. ಒಂದು ಹೆಜ್ಜೆ ಒಂದು ತಡೆ ಎಂಬುದನ್ನು ಆ ಹೊತ್ತಿನಲ್ಲಿ ಎಲ್ಲರೂ ಮರೆತರು. ಸಾಲುಗಳೇ ಇರಲಿಲ್ಲ. ಮಂತ್ರಿ ಯಾರ ಪಕ್ಕದಲ್ಲಿದ್ದ, ಸಾಹುಕಾರ ಯಾರ ಪಕ್ಕದಲ್ಲಿದ್ದ, ಆಮೇಲೆ ಕೇಳಿದರೆ ಯಾರಿಗೂ ಹೇಳಲಾಗಲಿಲ್ಲ.

ಹೊತ್ತಿನ ಕೊನೆಯ ಚೂರು ಗುಡ್ಡದ ಮೇಲಿರುವಾಗ ದಳವಾಯಿಯನ್ನು ಮಣ್ಣಿಗಿಳಿಸಿದರು. ಕೋವಿಗಳು ಮೇಲೆದ್ದವು. ಮೂರು ಸಲ ಆಕಾಶಕ್ಕೆ ಗುಂಡು ಹಾರಿತು. ಕುರುಚಲಿನಿಂದ ಹಕ್ಕಿಗಳು ಒಮ್ಮೆಲೇ ಎದ್ದು, ಒಂದು ಸುತ್ತು ಹಾಕಿ, ಮತ್ತೆ ಇಳಿದವು. ಕಹಳೆಯವನು ಮಲಗುವ ರಾಗ ಊದಿದ. ಮೌನ. ಆಮೇಲೆ ಏಳುವ ರಾಗ ಊದಿದ. ಬಾವುಟವನ್ನು ನಾಲ್ಕು ಸಿಪಾಯಿಗಳು ಮಡಿಸಿದರು, ಮಡಿಸಿದಷ್ಟೂ ಸಣ್ಣದಾಗುತ್ತ ಅದು ಒಂದು ರೊಟ್ಟಿಯಷ್ಟಾಯಿತು. ದಳವಾಯಿಯ ಹೆಂಡತಿ ಅದನ್ನು ಎದೆಗೊತ್ತಿಕೊಂಡಳು. ಅವಳು ಅಲ್ಲಿಯವರೆಗೆ ಅತ್ತಿರಲಿಲ್ಲ. ಈಗ ಬಾವುಟಕ್ಕೆ ಮುಖವಿಟ್ಟು ಅತ್ತಳು. ಲಾಯದವಳು ಅವಳ ಬಳಿ ನಿಂತಳು. ಅವಳ ಬೆನ್ನು ಮುಟ್ಟಬೇಕೆಂದುಕೊಂಡು, ತುಸು ತಡೆದು, ಮುಟ್ಟಿದಳು.

ಹಿಂದಿರುಗುವಾಗ ನಗಾರಿಯ ಮೇಲಿನ ಕಂಬಳಿ ತೆಗೆಯುವುದು ಕಟ್ಟಳೆ. ಹೋಗುವಾಗ ಸತ್ತವನ ನಡಿಗೆ, ಬರುವಾಗ ಬದುಕಿದವರ ನಡಿಗೆ. ನಗಾರಿ ಜೋರಾಗಿ, ಕುಣಿಸುವ ಹಾಗೆ ಮೊಳಗುತ್ತಿತ್ತು. ಲಾಯದವಳು ಕೆಂಚು ಕುದುರೆಯ ರಿಕಾಪಿನಿಂದ ಬೂಟುಗಳನ್ನು ಬಿಚ್ಚಿ ದಳವಾಯಿಯ ಹೆಂಡತಿಯ ಕೈಗೆ ಕೊಟ್ಟಳು. ಕುದುರೆಯ ಹಣೆಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ನಿಂತಳು. ಇನ್ನು ಅದರ ಮೈ ತಿಕ್ಕುವವರು ಬೇರೆಯವರು. ಇನ್ನು ಅದರ ಉಸಿರು ಕೇಳುತ್ತ ಮಲಗುವವರು ಬೇರೆಯವರು. ತಪ್ಪು ಮಾಡಿದೆನೇ ಎಂದು ಒಮ್ಮೆ ಕೇಳಿಕೊಂಡಳು. ಇಲ್ಲ ಎನ್ನಿಸಿತು. ಆದರೂ ಹಣೆ ತೆಗೆಯಲು ಮನಸ್ಸಾಗಲಿಲ್ಲ.

ಅವಳು ಕುದುರೆಯನ್ನು ಬಿಟ್ಟು, ಜನರ ನಡುವೆ ನಡೆದು ಊರಿಗೆ ಬಂದಳು.

ಊರಬಾಗಿಲಲ್ಲಿ ಬಾಗಿಲ ಕಾಯುವವನು ದೊಡ್ಡ ಹಂಡೆಯಲ್ಲಿ ನೀರಿಟ್ಟುಕೊಂಡು ನಿಂತಿದ್ದ. ಮಣ್ಣು ಕೊಟ್ಟು ಬಂದವರ ಕಾಲಿಗೆ ಅವನು ನೀರು ಹಾಕಬೇಕು. ಹಾಕುವ ಮೊದಲು ಒಬ್ಬೊಬ್ಬರನ್ನೂ ಒಂದು ಪ್ರಶ್ನೆ ಕೇಳಬೇಕು. ಉತ್ತರ ಬಂದ ಮೇಲೆ ನೀರು, ನೀರಾದ ಮೇಲೆ ಒಳಗೆ. ಅವನು ಮೆರವಣಿಗೆಗೆ ಬಂದವನಲ್ಲ, ಬಾಗಿಲು ಬಿಟ್ಟು ಕದಲುವಂತಿಲ್ಲ. ಬಯಲಿನಲ್ಲಿ ನಡೆದದ್ದು ಅವನಿಗೆ ತಿಳಿದಿರಲಿಲ್ಲ. ದಳವಾಯಿಯನ್ನು ಕಳಿಸಿ ಬಂದೆವು ಎಂಬ ಉತ್ತರವನ್ನೇ ಕೇಳುತ್ತೇನೆಂದು ಅವನು ಸಾಲಿನ ಮೊದಲಿನವಳ ಕಡೆ ನೋಡಿದ.

"ಯಾರನ್ನ ಕಳಿಸಿ ಬಂದ್ಯವ್ವ?" ಎಂದ.

ಲಾಯದವಳು ಕಾಲು ಜೋಡಿಸಿ ನಿಂತಳು.

"ಚಿತ್ತಯ್ಯನ್ನ ಕಣಣ್ಣ," ಎಂದಳು. "ನನ್ನ ತಮ್ಮನ್ನ."

ಬಾಗಿಲ ಕಾಯುವವನ ಕೈಯಲ್ಲಿ ಚೊಂಬು ನಿಂತಿತು. ಅವನು ಅವಳ ಮುಖ ನೋಡಿದ. ಅವಳ ಹಿಂದೆ ನಿಂತ ಕುಂಬಾರಗಿತ್ತಿಯ ಮುಖ ನೋಡಿದ. ಆಮೇಲೆ ಇನ್ನೂ ಹಿಂದೆ, ಪೇಟವಿಲ್ಲದೆ ಸರದಿಗಾಗಿ ಕಾಯುತ್ತ ನಿಂತ ಮುದುಕನನ್ನು ನೋಡಿದ. ಬಗ್ಗಿ, ಅವಳ ಎರಡೂ ಪಾದಗಳಿಗೆ ನಿಧಾನವಾಗಿ ನೀರು ಹಾಕಿದ. ಧೂಳು ಕರಗಿ ಕೆಂಪಗೆ ಹರಿಯಿತು. ಬೆರಳುಗಳು ಒಂದೊಂದಾಗಿ ಕಂಡವು.

"ಒಳಕ್ಕೆ ಬಾ," ಎಂದ.